ಬಿಸುಟ ನೌಕೆಗೆ ಮತ್ತೊಂದು ಕಾಯಕ

ಅದು ೧೯೭೯ನೆಯ ಇಸವಿಯ ಜುಲೈ ತಿಂಗಳು. ನಾವು ಆಗ ಮಠದ ಸಂಸ್ಕೃತ ಪಾಠಶಾಲೆಯಲ್ಲಿ ವ್ಯಾಕರಣವನ್ನು ಓದುತ್ತಿದ್ದೆವು. ವಾಸವು ಮಠದ ಉಚಿತ ಪ್ರಸಾದನಿಲಯದಲ್ಲಿ. ಅಮೆರಿಕದವರು ಹಾರಿಸಿದ ಸ್ಕೈಲ್ಯಾಬ್ ಎಂಬ ಆಕಾಶದ ಮನೆಯೊಂದು ಭೂಮಿಯ ಮೇಲೆ ಬೀಳಲಿದೆಯೆಂದೂ, ಎಲ್ಲಿ ಬೀಳುವುದೆಂದು ಹಾರಿಸಿದವರಿಗೇ ಹೇಳಲು ಬಾರದೆಂದೂ ಆಕಾಶವಾಣಿಯ ವಾರ್ತೆಯಲ್ಲಿ ದಿನವೂ ಬರುತ್ತಿತ್ತು. ಊರಿನಲ್ಲಿ ಭಯವೆಂದರೆ ಭಯ. ಕೆಲವರು ರಾತ್ರಿ ಹೊಲದ ಗುಡಿಸಲಿಗೆ ಹೋಗುವುದನ್ನೇ ಬಿಟ್ಟರು. ಇನ್ನು ಕೆಲವರು, ಹೇಗೂ ಎಲ್ಲ ಮುಗಿಯಲಿದೆ, ಸಾಲದ ಚಿಂತೆ ಇನ್ನೇಕೆಂದು ಮನೆಯಲ್ಲಿ ಹೋಳಿಗೆ ಮಾಡಿಸಿ ಉಂಡರು. ನಿಲಯದ ಹುಡುಗರಾದ ನಾವು ಪ್ರಸಾದದ ಪಂಕ್ತಿಯಲ್ಲಿ ಕುಳಿತು ಉಣ್ಣುವುದನ್ನು ಮರೆತು ಅದೇ ಮಾತನ್ನು ಆಡುತ್ತಿದ್ದೆವು. ಅಡುಗೆಯ ಕಾಯಕದಲ್ಲಿದ್ದ ಹಿರಿಯರೊಬ್ಬರು ಸೌಟು ಹಿಡಿದು ಬಂದು, "ಬೀಳೂದಾದ್ರ ಎಲ್ಲಿ ಕುಂತ್ರೂ ಬೀಳ್ತೈತಿ. ಮೊದಲ ಗಂಗಾಳ ತೊಳೆದು ಕುಡೀರಿ" ಎಂದು ಗದರಿಸಿದರು. ಪ್ರಸಾದದ ಒಂದು ಅಗುಳೂ ವ್ಯರ್ಥವಾಗಬಾರದೆಂದು ಗಂಗಾಳ ತೊಳೆದ ನೀರನ್ನೂ ಕುಡಿಯುವ ರೂಢಿ ನಮ್ಮ ಮನೆತನಗಳಲ್ಲಿ ಇಂದಿಗೂ ಉಳಿದಿದೆಯಷ್ಟೆ.

ಆ ವರ್ಷದ ಜುಲೈ ೧೧ರಂದು ಸ್ಕೈಲ್ಯಾಬ್ ಬಿದ್ದಿತು. ಅದರ ಚೂರುಗಳು ಹಿಂದೂ ಮಹಾಸಾಗರದಲ್ಲಿಯೂ ಪಶ್ಚಿಮ ಆಸ್ಟ್ರೇಲಿಯದ ಎಸ್ಪೆರನ್ಸ್ ಎಂಬ ಊರಿನ ಸುತ್ತಮುತ್ತಲೂ ಚೆದುರಿದುವು. ಯಾರಿಗೂ ಪೆಟ್ಟಾಗಲಿಲ್ಲ. ನಮ್ಮ ಊರಿನವರು ಮತ್ತೆ ಹೊಲಕ್ಕೆ ಹೋದರು. ಸಾಲಗಾರರು ಮತ್ತೆ ಬಾಗಿಲಿಗೆ ಬಂದರು.

ಈಚೆಗೆ ಓದುಗ ಬಂಧುಗಳೊಬ್ಬರ ಮನೆಯಲ್ಲಿ ಪ್ರವಚನ ಮುಗಿಸಿ ಕುಳಿತಿದ್ದಾಗ ಎಂಟನೆಯ ತರಗತಿಯಲ್ಲಿ ಓದುವ ಬಾಲಿಕೆಯೊಬ್ಬಳು ಹತ್ತಿರ ಬಂದು, "ಅಜ್ಜಾರ, ಕೆಲಸ ಮುಗಿದ ಉಪಗ್ರಹಗಳು ಆಮ್ಯಾಲ ಏನಾಗ್ತಾವ್ರಿ?" ಎಂದು ಕೇಳಿದಳು. ಆ ಹೊತ್ತಿಗೆ ನಾವು ಸ್ಕೈಲ್ಯಾಬಿನ ಕಥೆಯನ್ನಷ್ಟೇ ಹೇಳಿ ಎದ್ದೆವು. ಆದರೆ ಆ ಪ್ರಶ್ನೆಗೆ ಅದು ಪೂರ್ಣವಾದ ಉತ್ತರವಲ್ಲ. ಬೀಳುವುದೊಂದೇ ಅವುಗಳ ಗತಿಯಲ್ಲ. ಕೆಲವಕ್ಕೆ ಎರಡನೆಯ ಬಾಳು ದೊರೆತದ್ದುಂಟು. ಕೆಲವಕ್ಕೆ ದೊರೆಯುವಂತಿದ್ದೂ ಕೈತಪ್ಪಿದ್ದುಂಟು. ಅವುಗಳಲ್ಲಿ ಒಂದೆರಡನ್ನು ಇಲ್ಲಿ ವಿಸ್ತಾರವಾಗಿ ನಿರೂಪಿಸುತ್ತೇವೆ.

ಮೊದಲು ಸ್ಕೈಲ್ಯಾಬನ್ನೇ ನೋಡಬೇಕು. ನಾವು ಹೆದರಿ ನೋಡುತ್ತಿದ್ದ ಆ ವಸ್ತು ಹುಟ್ಟಿದ್ದೇ ಮರುಬಳಕೆಯ ವಿಚಾರದಿಂದ ಎಂಬುದು ನಮಗೆ ತಿಳಿದುಬಂದದ್ದು ಬಹುಕಾಲದ ಮೇಲೆ. ಚಂದ್ರಯಾತ್ರೆಯ ಕಾಲದ ರಾಕೆಟ್ಟುಗಳ ಮೇಲಿನ ಹಂತವೆಂದರೆ ಒಂದು ದೊಡ್ಡ ಇಂಧನದ ತೊಟ್ಟಿ. ಇಂಧನ ಉರಿದು ಮುಗಿದ ಮೇಲೆ ಆ ಖಾಲಿ ತೊಟ್ಟಿಯೊಳಕ್ಕೇ ಹೋಗಿ ಮನುಷ್ಯರು ಮನೆ ಮಾಡಿಕೊಳ್ಳಬಹುದಲ್ಲವೇ ಎಂದು ಅಮೆರಿಕದ ತಜ್ಞರು ಮೊದಲು ಯೋಚಿಸಿದ್ದರು. ಕೊನೆಗೆ ಚಂದ್ರಯಾತ್ರೆಗಳನ್ನು ಕಡಿತಗೊಳಿಸಿದ್ದರಿಂದ ಭಾರಿ ರಾಕೆಟ್ಟೊಂದು ಉಳಿಯಿತು. ಅದರಿಂದ ಆ ಹಂತವನ್ನು ನೆಲದ ಮೇಲೆಯೇ ಮನೆಯಾಗಿ ಸಜ್ಜುಗೊಳಿಸಿ ೧೯೭೩ರ ಮೇ ೧೪ರಂದು ಹಾರಿಸಿದರು. ಹೈಡ್ರೋಜನ್ ತುಂಬಬೇಕಾಗಿದ್ದ ತೊಟ್ಟಿಯಲ್ಲಿ ಮಲಗುವ, ಉಣ್ಣುವ, ಪ್ರಯೋಗ ಮಾಡುವ ಕೋಣೆಗಳು. ಆಮ್ಲಜನಕದ ತೊಟ್ಟಿ ಕಸದ ಗುಂಡಿ. ಮೂರು ತಂಡಗಳು ಒಂದರ ಹಿಂದೊಂದು ಹೋಗಿ ಒಟ್ಟು ೧೭೧ ದಿನ ಅಲ್ಲಿ ಬಾಳಿದುವು. ೧೯೭೪ರ ಫೆಬ್ರವರಿಯಲ್ಲಿ ಕೊನೆಯ ತಂಡ ಬಾಗಿಲು ಹಾಕಿಕೊಂಡು ಬಂದಿತು.

ಮನೆ ಗಟ್ಟಿಯಾಗಿಯೇ ಇತ್ತು. ಆಗ ನಿರ್ಮಾಣದಲ್ಲಿದ್ದ ಷಟಲ್ ಎಂಬ ಹೊಸ ನೌಕೆ ಸಿದ್ಧವಾದೊಡನೆ ಒಂದು ಯಂತ್ರವನ್ನು ಕೊಂಡೊಯ್ದು ಸ್ಕೈಲ್ಯಾಬಿಗೆ ಜೋಡಿಸಿ, ಅದನ್ನು ಎತ್ತರದ ಕಕ್ಷೆಗೆ ತಳ್ಳಿ, ಮುಂದೆ ಬಳಸಬೇಕೆಂಬ ಯೋಜನೆಯೂ ಇತ್ತು. ಆದರೆ ಎರಡು ಸಂಗತಿಗಳು ಕೂಡಿ ಬಂದುವು. ಸೂರ್ಯನ ಚಟುವಟಿಕೆ ಎಣಿಸಿದ್ದಕ್ಕಿಂತ ಹೆಚ್ಚಾಯಿತು. ಸೂರ್ಯನು ಉಗ್ರನಾದಾಗ ಭೂಮಿಯ ವಾಯುಮಂಡಲದ ಮೇಲ್ಪದರ ಕಾದು ಉಬ್ಬುತ್ತದೆ. ಕೆಳಗಿನ ಕಕ್ಷೆಯಲ್ಲಿ ಸುತ್ತುವ ವಸ್ತುಗಳಿಗೆ ಅದರ ತಡೆ ತಾಗಿ ಅವು ಬೇಗನೆ ಕೆಳಗಿಳಿಯುತ್ತವೆ. ಇತ್ತ ಷಟಲ್ ತಡವಾಯಿತು. ಅದು ಮೊದಲ ಸಲ ಹಾರಿದ್ದು ೧೯೮೧ರ ಏಪ್ರಿಲ್ ೧೨ರಂದು. ಸ್ಕೈಲ್ಯಾಬ್ ಬಿದ್ದು ಆಗಲೇ ೨೧ ತಿಂಗಳಾಗಿತ್ತು. ಎತ್ತಿಕೊಳ್ಳುವ ಕೈ ಬರುವ ಮೊದಲೇ ಮನೆ ಕುಸಿಯಿತು.

ಕೈ ಸಕಾಲಕ್ಕೆ ಬಂದ ಒಂದು ಪ್ರಸಂಗವೂ ಇದೆ. ಅದು ನಮ್ಮ ಮನೆಗಳ ಪಡಸಾಲೆಗೇ ಸಂಬಂಧಪಟ್ಟದ್ದು. ೧೯೮೪ರ ಫೆಬ್ರವರಿಯಲ್ಲಿ ಚಾಲೆಂಜರ್ ಎಂಬ ಷಟಲ್ ನೌಕೆ ವೆಸ್ಟಾರ್-೬ ಮತ್ತು ಪಾಲಾಪಾ ಬಿ-೨ ಎಂಬ ಎರಡು ದೂರಸಂಪರ್ಕ ಉಪಗ್ರಹಗಳನ್ನು ಆಕಾಶದಲ್ಲಿ ಬಿಟ್ಟಿತು. ಮೊದಲನೆಯದು ಅಮೆರಿಕದ್ದು, ಎರಡನೆಯದು ಇಂಡೋನೇಷ್ಯದ್ದು. ಇವು ತಮ್ಮದೇ ಎಂಜಿನ್ನಿನ ಬಲದಿಂದ ಸುಮಾರು ೩೬,೦೦೦ ಕಿ.ಮೀ. ಎತ್ತರಕ್ಕೆ ಏರಬೇಕಾಗಿತ್ತು. ಎರಡರ ಎಂಜಿನ್ನುಗಳೂ ನಡುವೆಯೇ ಕೈಕೊಟ್ಟುವು. ಉಪಗ್ರಹಗಳು ಹೊಸವು, ಅವುಗಳ ಉಪಕರಣಗಳು ಸರಿಯಾಗಿವೆ. ಆದರೆ ಇರುವ ನೆಲೆ ತಪ್ಪು, ಆದ್ದರಿಂದ ನಿಷ್ಪ್ರಯೋಜಕ. ವಿಮೆಯವರು ಪರಿಹಾರ ಕೊಟ್ಟು ಅವುಗಳ ಒಡೆಯರಾದರು. ಇನ್ನು ಅವುಗಳನ್ನು ಬಿಟ್ಟುಬಿಡುವುದೇ ಲೋಕರೂಢಿ. ಆದರೆ ಆ ವಿಮೆಯವರು ಲೆಕ್ಕದಲ್ಲಿ ಗಟ್ಟಿಗರು. ತಂದರೆ ಮಾರಬಹುದು ಎಂದರು.

ಅದೇ ನವೆಂಬರಿನಲ್ಲಿ ಡಿಸ್ಕವರಿ ನೌಕೆ ಹೋಯಿತು. ಜೋಸೆಫ್ ಅಲೆನ್ ಮತ್ತು ಡೇಲ್ ಗಾರ್ಡ್‌ನರ್ ಎಂಬ ಇಬ್ಬರು ಯಾನಿಗಳು ಬೆನ್ನಿಗೆ ಅನಿಲದಿಂದ ಚಲಿಸುವ ಯಂತ್ರವನ್ನು ಕಟ್ಟಿಕೊಂಡು ತೆರೆದ ಅಂತರಿಕ್ಷದಲ್ಲಿ ತೇಲುತ್ತ ಹೋಗಿ ಉಪಗ್ರಹದ ಎಂಜಿನ್ನಿನ ಬಾಯಿಗೆ ಈಟಿಯಂಥ ಒಂದು ಕಡ್ಡಿಯನ್ನು ತೂರಿಸಿ ಅದರ ತಿರುಗುವಿಕೆಯನ್ನು ನಿಲ್ಲಿಸಿದರು. ಪಾಲಾಪಾ ಉಪಗ್ರಹವನ್ನು ಹಿಡಿಯುವಾಗ ಒಂದು ವಿಘ್ನ ಬಂದಿತು. ನೆಲದ ಮೇಲೆ ಅಳತೆ ಮಾಡಿ ಒಯ್ದಿದ್ದ ಹಿಡಿಕೆ ಅದಕ್ಕೆ ಕೂಡಲಿಲ್ಲ. ಆಗ ಅಲೆನ್ ಅವರು ಅರ್ಧ ಟನ್ನಿಗೂ ಮಿಕ್ಕಿದ ಆ ಉಪಗ್ರಹವನ್ನು ತಮ್ಮ ಎರಡು ಕೈಗಳಲ್ಲಿ ತಲೆಯ ಮೇಲೆ ಹಿಡಿದು ನಿಂತರು. ಸುಮಾರು ಒಂದೂವರೆ ಗಂಟೆ, ಎಂದರೆ ನೌಕೆ ಭೂಮಿಯನ್ನು ಒಂದು ಸುತ್ತು ಸುತ್ತುವಷ್ಟು ಕಾಲ, ಹಾಗೆಯೇ ಹಿಡಿದಿದ್ದರು. ಅಲ್ಲಿ ಭಾರವಿಲ್ಲ ಎನ್ನಬಹುದು. ಆದರೆ ಚಲಿಸಹೊರಟ ವಸ್ತುವನ್ನು ತಡೆದು ಹಿಡಿಯಲು ಬೇಕಾದ ಶ್ರಮ ಅಲ್ಲಿಯೂ ಇದ್ದೇ ಇದೆ. ಎರಡೂ ಉಪಗ್ರಹಗಳು ನೌಕೆಯ ಹೊಟ್ಟೆಯನ್ನು ಸೇರಿದ ಮೇಲೆ ಇಬ್ಬರೂ "ಮಾರಾಟಕ್ಕಿದೆ" ಎಂಬ ಫಲಕವನ್ನು ಹಿಡಿದು ಚಿತ್ರ ತೆಗೆಸಿಕೊಂಡರು. ಸಂತೆಯ ಹಾಸ್ಯ ಆಕಾಶಕ್ಕೂ ಹೋಯಿತು.

ವೆಸ್ಟಾರನ್ನು ಹಾಂಗ್‌ಕಾಂಗಿನ ಸಂಸ್ಥೆಯೊಂದು ಕೊಂಡುಕೊಂಡು ಸರಿಪಡಿಸಿತು. ೧೯೯೦ರ ಏಪ್ರಿಲ್ ೭ರಂದು ಚೀನದ ರಾಕೆಟ್ ಅದನ್ನು ಮತ್ತೆ ಮೇಲಕ್ಕೆ ಒಯ್ದಿತು. ಹೆಸರು ಏಷ್ಯಾಸ್ಯಾಟ್-೧ ಎಂದಾಯಿತು. ೧೯೯೧ರಲ್ಲಿ ಸ್ಟಾರ್ ಟಿ.ವಿ. ಇದರ ಮೂಲಕವೇ ಪ್ರಸಾರವನ್ನು ಆರಂಭಿಸಿತು. ೧೯೯೨ರ ಅಕ್ಟೋಬರ್ ೨ರಂದು ಜೀ ಟಿ.ವಿ. ಇದರ ಮೇಲೆಯೇ ಬಂದಿತು. ಆ ದಿನಗಳು ನಮ್ಮ ಓದುಗರಲ್ಲಿ ಹಿರಿಯರಿಗೆ ನೆನಪಿರಬೇಕು. ಮಾಳಿಗೆಯಿಂದ ಮಾಳಿಗೆಗೆ ಕರಿಯ ತಂತಿಯನ್ನು ಎಳೆದು ಕೇಬಲ್ಲಿನ ಹುಡುಗ ತಿಂಗಳ ಬಾಡಿಗೆ ಕೇಳಲು ಬರುತ್ತಿದ್ದ ಕಾಲ ಅದು. ದೂರದರ್ಶನವೊಂದನ್ನೇ ಕಂಡಿದ್ದ ಮನೆಗಳಲ್ಲಿ ಸಂಜೆಯ ಪೂಜೆಯ ಹೊತ್ತು ಕದಲಿತೆಂದು ಅನೇಕರು ನೊಂದುಕೊಂಡರು. ನಾವೂ ಕಟುವಾಗಿಯೇ ಬರೆದಿದ್ದುಂಟು. ಆ ಚರ್ಚೆ ಇಲ್ಲಿ ಬೇಡ. ಮನೆಮನೆಯ ಪೆಟ್ಟಿಗೆಗೆ ಹೊಸ ಚಿತ್ರಗಳನ್ನು ಸುರಿದ ಆ ಉಪಗ್ರಹ, ಒಮ್ಮೆ ಕೆಟ್ಟಿತೆಂದು ಕೈಬಿಟ್ಟು ಮನುಷ್ಯರ ಕೈಯಿಂದಲೇ ಹಿಡಿದು ತಂದದ್ದು ಎಂದು ಆಗ ನಮ್ಮಲ್ಲಿ ಯಾರಿಗೆ ಗೊತ್ತಿತ್ತು!

ಹಾಗಾದರೆ ಮೇಲಿರುವ ಹಳೆಯ ಉಪಗ್ರಹಗಳನ್ನೆಲ್ಲ ಹೀಗೆ ಹಿಡಿದು ತರಬಾರದೇಕೆ? ತರುವ ವೆಚ್ಚ ವಸ್ತುವಿನ ಬೆಲೆಯನ್ನು ಮೀರುವುದು ಮೊದಲ ಕಾರಣ. ಇನ್ನೊಂದು ಕಾರಣ ಧರ್ಮಶಾಸ್ತ್ರದ ಚರ್ಚೆಗೆ ತಕ್ಕದ್ದು. ಸಮುದ್ರದಲ್ಲಿ ಅಪಾಯಕ್ಕೆ ಸಿಕ್ಕ ಹಡಗನ್ನು ಉಳಿಸಿ ತಂದವನಿಗೆ ಪ್ರತಿಫಲದ ಹಕ್ಕುಂಟು. ಆಕಾಶದಲ್ಲಿ ಅಂಥ ನಿಯಮವಿಲ್ಲ. ೧೯೬೭ರ ಬಾಹ್ಯಾಕಾಶ ಒಪ್ಪಂದದ ಪ್ರಕಾರ ಹಾರಿಸಿದ ವಸ್ತು, ಕೆಟ್ಟು ಹೋದರೂ, ಒಡೆದು ಚೂರಾದರೂ, ತನ್ನ ದೇಶದ ಅಧಿಕಾರಕ್ಕೇ ಒಳಪಟ್ಟಿರುತ್ತದೆ. ಇತರರು ಅನುಮತಿಯಿಲ್ಲದೆ ಮುಟ್ಟುವಂತಿಲ್ಲ. ಒಡೆತನ ಸಾಯುವುದಿಲ್ಲ, ಒಡೆಯನ ಆಸಕ್ತಿ ಮಾತ್ರ ಸಾಯುತ್ತದೆ. ೨೦೦೯ರ ಫೆಬ್ರವರಿ ೧೦ರಂದು ಕೆಲಸ ನಿಲ್ಲಿಸಿ ವರ್ಷಗಳಾಗಿದ್ದ ರಷ್ಯದ ಕಾಸ್ಮೋಸ್-೨೨೫೧ ಎಂಬ ಉಪಗ್ರಹ, ಕೆಲಸ ಮಾಡುತ್ತಿದ್ದ ಅಮೆರಿಕದ ಇರಿಡಿಯಂ-೩೩ಕ್ಕೆ ಸೈಬೀರಿಯದ ಮೇಲೆ ಸುಮಾರು ೭೯೦ ಕಿ.ಮೀ. ಎತ್ತರದಲ್ಲಿ ಡಿಕ್ಕಿ ಹೊಡೆಯಿತು. ಗುರುತಿಸಬಹುದಾದ ಚೂರುಗಳೇ ಎರಡು ಸಾವಿರಕ್ಕಿಂತ ಹೆಚ್ಚು ಹುಟ್ಟಿದುವು. ಸತ್ತದ್ದು ಬದುಕಿದ್ದನ್ನು ಕೊಂದಿತು.

ಇನ್ನು ನಮ್ಮ ಮನಸ್ಸನ್ನು ಎಲ್ಲಕ್ಕಿಂತ ಹೆಚ್ಚಾಗಿ ಕಲಕಿದ ಕಥೆಗೆ ಬರುತ್ತೇವೆ. ನಾವು ಸ್ಕೈಲ್ಯಾಬಿಗೆ ಹೆದರಿ ಮೇಲೆ ನೋಡುತ್ತಿದ್ದ ದಿನಗಳಲ್ಲಿಯೇ ಇನ್ನೊಂದು ನೌಕೆ ಭೂಮಿಯಿಂದ ಸೂರ್ಯನ ದಿಕ್ಕಿಗೆ ಸುಮಾರು ೧೫ ಲಕ್ಷ ಕಿ.ಮೀ. ದೂರದಲ್ಲಿ ಮೌನವಾಗಿ ಕೆಲಸ ಮಾಡುತ್ತಿತ್ತು. ಅದರ ಹೆಸರು ಐಸೀ-೩. ಹಾರಿದ್ದು ೧೯೭೮ರ ಆಗಸ್ಟ್ ೧೨ರಂದು. ಸೂರ್ಯ ಮತ್ತು ಭೂಮಿ ಇವೆರಡರ ಸೆಳೆತಗಳು ಹೊಂದಿಕೆಯಾಗಿ, ನೌಕೆಯು ಭೂಮಿಯ ಜೊತೆಜೊತೆಗೇ ಸೂರ್ಯನನ್ನು ಸುತ್ತಬಲ್ಲ ಒಂದು ನೆಲೆ ಅಲ್ಲಿದೆ. ಆ ನೆಲೆಯನ್ನು ಬಳಸಿ ಸುತ್ತಿದ ಮೊದಲ ನೌಕೆ ಇದು. ನಮ್ಮ ಆದಿತ್ಯ-ಎಲ್೧ ೨೦೨೪ರ ಜನವರಿ ೬ರಂದು ತಲುಪಿದ್ದೂ ಅದೇ ನೆಲೆಯನ್ನು.

ಸೂರ್ಯನಿಂದ ಬೀಸುವ ಕಣಗಳ ಗಾಳಿಯನ್ನು ಅಳೆಯುವುದು ಐಸೀ-೩ಕ್ಕೆ ವಹಿಸಿದ ಕಾಯಕ. ಅದನ್ನು ಅದು ಸಲ್ಲಿಸಿತು. ಆಮೇಲೆ ರಾಬರ್ಟ್ ಫಾರ್ಕ್ವಾರ್ ಎಂಬ ಗಣಿತನಿಪುಣರು, ನೌಕೆಯಲ್ಲಿ ಇನ್ನೂ ಇಂಧನವಿದೆ, ಇದನ್ನೇ ಒಂದು ಧೂಮಕೇತುವಿನ ಕಡೆಗೆ ತಿರುಗಿಸೋಣ ಎಂದರು. ೧೯೮೨ರಲ್ಲಿ ಅದನ್ನು ಆ ನೆಲೆಯಿಂದ ಹೊರಡಿಸಿ, ಚಂದ್ರನ ಬಳಿಯಿಂದ ಐದು ಸಲ ಹಾಯಿಸಿ, ಅವನ ಸೆಳೆತದಿಂದಲೇ ವೇಗವನ್ನು ಗಳಿಸಿಕೊಟ್ಟು ಕಳುಹಿದರು. ಕೊನೆಯ ಸಲ ಅದು ಚಂದ್ರನ ನೆಲದಿಂದ ಸುಮಾರು ೧೨೦ ಕಿ.ಮೀ. ಮೇಲೆ ಹಾದುಹೋಯಿತು. ೧೯೮೫ರ ಸೆಪ್ಟೆಂಬರ್ ೧೧ರಂದು ಜಿಯಾಕೊಬಿನಿ-ಜಿನ್ನರ್ ಎಂಬ ಧೂಮಕೇತುವಿನ ಬಾಲದೊಳಗೆ ನುಗ್ಗಿ ಹೊರಬಂದಿತು. ಮನುಷ್ಯನಿರ್ಮಿತ ವಸ್ತುವೊಂದು ಧೂಮಕೇತುವನ್ನು ಸಂದರ್ಶಿಸಿದ್ದು ಅದೇ ಮೊದಲು. ಒಂದು ಕಾಯಕಕ್ಕೆ ಕಳುಹಿದ ನೌಕೆ ಎರಡನ್ನು ಸಾಧಿಸಿತು. ೧೯೯೭ರ ಮೇ ತಿಂಗಳಲ್ಲಿ ಅದರ ಕಾರ್ಯ ಮುಗಿಯಿತೆಂದು ನಾಸಾ ಘೋಷಿಸಿತು.

ಫಾರ್ಕ್ವಾರ್ ಅವರು ದೂರದ ಲೆಕ್ಕದವರು. ನೌಕೆಯ ದಾರಿಯನ್ನು ಅವರು ಹೇಗೆ ತಿದ್ದಿಟ್ಟಿದ್ದರೆಂದರೆ, ಅದು ೨೦೧೪ರ ಆಗಸ್ಟಿನಲ್ಲಿ ತಾನಾಗಿಯೇ ಭೂಮಿಯ ಬಳಿಗೆ ಮರಳಬೇಕು. ೨೦೦೮ರಲ್ಲಿ ಅತ್ತ ಕಿವಿಗೊಟ್ಟಾಗ ನೌಕೆಯ ಧ್ವನಿ ಇನ್ನೂ ಕೇಳಿಸಿತು. ಅದರ ೧೩ ಉಪಕರಣಗಳಲ್ಲಿ ೧೨ ಕೆಲಸ ಮಾಡುವ ಸ್ಥಿತಿಯಲ್ಲಿದ್ದುವು. ಮೂವತ್ತು ವರ್ಷ ಕಾಲ ಸೂರ್ಯನ ಉರಿಯಲ್ಲಿಯೂ ಕತ್ತಲೆಯ ಕೊರೆತದಲ್ಲಿಯೂ ಸುತ್ತಿದ ಯಂತ್ರ ಮನೆಯ ದಾರಿ ಹಿಡಿದು ಬರುತ್ತಿದೆ, ಜೀವಂತವಾಗಿದೆ.

ಆದರೆ ಅದರೊಡನೆ ಮಾತನಾಡುವ ಬಾಯಿ ಭೂಮಿಯಲ್ಲಿ ಉಳಿದಿರಲಿಲ್ಲ. ಆ ಹಳೆಯ ನೌಕೆಗೆ ತಿಳಿಯುವ ರೀತಿಯಲ್ಲಿ ಸಂಕೇತ ಕಳುಹಿಸುವ ಪ್ರೇಷಕ ಯಂತ್ರಗಳನ್ನು ೧೯೯೯ರಲ್ಲಿಯೇ ಹಳತಾದುವೆಂದು ಕಿತ್ತು ತೆಗೆದಿದ್ದರು. ಅದನ್ನು ಮತ್ತೆ ಕಟ್ಟಲು ಹಣ ಸಾಲದೆಂದು ನಾಸಾ ಕೈಚೆಲ್ಲಿತು. ಇದನ್ನು ಓದಿದಾಗ ನಾವು ಪುಸ್ತಕವನ್ನು ಮಡಿಚಿಟ್ಟು ಬಹಳ ಹೊತ್ತು ಸುಮ್ಮನೆ ಕುಳಿತೆವು. ಆಕಾಶದಲ್ಲಿ ಬಿಸುಟ ವಸ್ತು ಕೆಟ್ಟಿಲ್ಲ. ಕೆಟ್ಟದ್ದು ನೆಲದ ಮೇಲಿನ ನೆನಪು. ಊರು ಬಿಟ್ಟು ದೇಶಾಂತರ ಹೋದ ಮಗ ಮೂವತ್ತು ವರ್ಷದ ಮೇಲೆ ಮರಳಿ ಬಂದರೆ ಮನೆಯವರು ಅವನ ಭಾಷೆಯನ್ನೇ ಮರೆತಿದ್ದರಂತೆ.

ಓಲೆಗರಿಗಳ ನಡುವೆ ಬಾಳು ಕಳೆದ ನಮ್ಮಂಥವರಿಗೆ ಇದು ಹೊಸ ಸಂಗತಿಯಲ್ಲ. ಕಟ್ಟುಗಳು ಗಟ್ಟಿಯಾಗಿರುತ್ತವೆ, ಹುಳು ಹಿಡಿದಿರುವುದಿಲ್ಲ. ಕಾಡಿಗೆಯನ್ನು ಸವರಿದರೆ ಅಕ್ಷರ ಎದ್ದು ಕಾಣುತ್ತದೆ. ಆದರೆ ಆ ಮೋಡಿಯ ಅಕ್ಷರವನ್ನು ಓದಬಲ್ಲ ಹಿರಿಯರು ಹೋಗಿಬಿಟ್ಟಿರುತ್ತಾರೆ. ಮನೆಯವರು ಹಳೆಯ ಗರಿಯೆಂದು ಒಲೆಗೋ ಹೊಳೆಗೋ ಹಾಕುತ್ತಾರೆ. ಫ.ಗು. ಹಳಕಟ್ಟಿಯವರು ಮನೆಮನೆ ಅಲೆದು ಆ ಗರಿಗಳನ್ನು ಕೂಡಿಹಾಕಿ ೧೯೨೩ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಹೊರತರದಿದ್ದರೆ ನಮ್ಮ ಶರಣರ ಮಾತುಗಳಲ್ಲಿ ಎಷ್ಟು ಉಳಿಯುತ್ತಿದ್ದುವೋ!

ಅಮೆರಿಕದಲ್ಲಿಯೂ ಅಂಥವರಿದ್ದರು. ೧೯೬೬-೬೭ರಲ್ಲಿ ಚಂದ್ರನ ಸುತ್ತ ಹೋದ ನೌಕೆಗಳು ಕಳುಹಿದ ಚಿತ್ರಗಳನ್ನು ಸುಮಾರು ೧,೫೦೦ ಸುರುಳಿಗಳಲ್ಲಿ ಮುದ್ರಿಸಿ ಇಟ್ಟಿದ್ದರು. ಅವನ್ನು ಓದುವ ಯಂತ್ರಗಳು ತಂಪುಪೆಟ್ಟಿಗೆಗಳಷ್ಟು ದೊಡ್ಡವು, ಎಲ್ಲಿಯೂ ಉಪಯೋಗದಲ್ಲಿಲ್ಲದವು. ನ್ಯಾನ್ಸಿ ಇವಾನ್ಸ್ ಎಂಬ ದಫ್ತರಾಧಿಕಾರಿ ಮಹಿಳೆ ಸುರುಳಿಗಳನ್ನು ನಾಶಮಾಡಗೊಡದೆ ಕಾಪಾಡಿದರು. ಯಂತ್ರಗಳನ್ನು ವರ್ಷಗಟ್ಟಲೆ ತಮ್ಮ ಮನೆಯಲ್ಲಿಯೇ ಇಟ್ಟುಕೊಂಡಿದ್ದರು. ಡೆನಿಸ್ ವಿಂಗೊ ಮತ್ತು ಕೀತ್ ಕೋವಿಂಗ್ ಎಂಬ ಇಬ್ಬರು ಅವುಗಳನ್ನು ಪಡೆದು, ಕ್ಯಾಲಿಫೋರ್ನಿಯದ ನಾಸಾ ಆವರಣದಲ್ಲಿ ಮುಚ್ಚಿಹೋಗಿದ್ದ ಒಂದು ತಿಂಡಿಯ ಅಂಗಡಿಯ ಕಟ್ಟಡದಲ್ಲಿಟ್ಟು ದುರಸ್ತಿ ಮಾಡಿ, ೨೦೦೮ರಿಂದ ಆ ಚಿತ್ರಗಳನ್ನು ಮತ್ತೆ ಹೊರತಂದರು. ಹಳೆಯ ನೌಕೆ ಮರಳಿ ಬರುತ್ತಿದೆ, ಮಾತನಾಡುವವರಿಲ್ಲ ಎಂದಾಗ ಮುಂದೆ ಬಂದವರೂ ಇವರೇ.

ಅವರು ಜನರಲ್ಲಿ ಕಾಣಿಕೆ ಬೇಡಿದರು. ಎರಡು ಸಾವಿರಕ್ಕೂ ಹೆಚ್ಚು ಮಂದಿ ಸೇರಿ ಸುಮಾರು ೧,೬೦,೦೦೦ ಡಾಲರುಗಳನ್ನು ಕೊಟ್ಟರು. ೨೦೧೪ರ ಮೇ ತಿಂಗಳಲ್ಲಿ ನಾಸಾ, ತನ್ನ ನೌಕೆಯೊಂದನ್ನು ನಡೆಸುವ ಅಧಿಕಾರವನ್ನು ಈ ಖಾಸಗಿ ಜನರಿಗೆ ಒಪ್ಪಂದದ ಮೂಲಕ ಕೊಟ್ಟಿತು. ಇತ್ತ ನೌಕೆಗೆ ತಿಳಿಯುವ ಸಂಕೇತಗಳ ಪಟ್ಟಿಯನ್ನು ಹಳೆಯ ಕಾಗದಪತ್ರಗಳಲ್ಲಿ ಹುಡುಕಿದರು. ಆ ನೌಕೆಯಲ್ಲಿ ಗಣಕಯಂತ್ರವೇ ಇಲ್ಲ ಎಂಬುದನ್ನು ಓದುಗರು ಗಮನಿಸಬೇಕು. ಭೂಮಿಯಿಂದ ಹೇಳಿದ ಮಾತನ್ನು ಕೇಳಿದೊಡನೆ ನಡೆಸುವುದಷ್ಟೇ ಅದಕ್ಕೆ ಗೊತ್ತು. ಬ್ಯಾಟರಿಯು ೧೯೮೧ರಲ್ಲಿಯೇ ಸತ್ತಿತ್ತು. ಸೂರ್ಯನ ಬೆಳಕಿನ ಹಲಗೆಗಳೇ ಆಧಾರ. ಇಷ್ಟು ಸರಳವಾಗಿದ್ದುದರಿಂದಲೇ ಅದು ಅಷ್ಟು ಬಾಳಿತೆಂದು ನಮ್ಮ ಊಹೆ. ಕಿತ್ತುಹೋದ ಪ್ರೇಷಕ ಯಂತ್ರದ ಸ್ಥಾನದಲ್ಲಿ ಅದರ ಕೆಲಸವನ್ನು ಇಂದಿನ ಗಣಕದಿಂದಲೇ ಮಾಡಿಸಿದರು. ಪೋರ್ಟೊ ರಿಕೊ ದ್ವೀಪದ ಅರೆಸಿಬೋದಲ್ಲಿದ್ದ ೩೦೫ ಮೀಟರ್ ಅಗಲದ ಮಹಾ ತಟ್ಟೆಗೆ ಶಕ್ತಿವರ್ಧಕವನ್ನು ಜೋಡಿಸಿ, ಮೇ ೨೯ರಂದು ಕರೆ ಕಳುಹಿದರು. ನೌಕೆ ಓಗೊಟ್ಟಿತು.

ಜುಲೈ ೨ರಂದು ಅದರ ಚಿಕ್ಕ ಎಂಜಿನ್ನುಗಳನ್ನು ಉರಿಸಿ ನೋಡಿದರು. ೧೯೮೭ರ ಮೇಲೆ ಉರಿಯದಿದ್ದವು ಉರಿದುವು. ಎಲ್ಲರ ಆಸೆ ಚಿಗುರಿತು. ನೌಕೆಯನ್ನು ಮತ್ತೆ ಅದರ ಮೊದಲಿನ ನೆಲೆಗೆ ಸೇರಿಸುವುದು ಉದ್ದೇಶವಾಗಿತ್ತು. ವಾರದ ಮೇಲೆ ದಾರಿಯನ್ನು ತಿರುಗಿಸಲು ದೀರ್ಘಕಾಲ ಉರಿಸಬೇಕಾದಾಗ ಎಂಜಿನ್ನುಗಳು ತುಸು ಉರಿದು ನಿಂತುಬಿಟ್ಟುವು. ಇಂಧನವಿತ್ತು, ಆದರೆ ಅದನ್ನು ತಳ್ಳುವ ನೈಟ್ರೋಜನ್ ಅನಿಲ ಸೋರಿಹೋಗಿರಬೇಕೆಂದು ತಜ್ಞರು ತೀರ್ಮಾನಿಸಿದರು. ಆಗಸ್ಟ್ ೧೦ರಂದು ನೌಕೆ ಚಂದ್ರನ ಪಕ್ಕದಿಂದ ಹಾದು ಮುಂದೆ ಹೋಯಿತು. ಸೆಪ್ಟೆಂಬರ್ ೧೬ರ ಮೇಲೆ ಅದರ ಧ್ವನಿ ಕೇಳಿಸಲಿಲ್ಲ. ಕರೆ ಕಳುಹಿದ ಅರೆಸಿಬೋದ ಮಹಾ ತಟ್ಟೆಯೂ ೨೦೨೦ರ ಡಿಸೆಂಬರ್ ೧ರಂದು ಕುಸಿದುಬಿದ್ದಿತು.

ಕೊಟ್ಟ ಹಣ ವ್ಯರ್ಥವಾಯಿತಲ್ಲವೇ ಎಂದು ಒಬ್ಬ ವರ್ತಕ ಮಿತ್ರರು ನಮ್ಮನ್ನು ಕೇಳಿದರು. ನಮಗೆ ಹಾಗೆ ತೋರುವುದಿಲ್ಲ. ಮೂವತ್ತಾರು ವರ್ಷದ ನೌಕೆಯ ಉಪಕರಣಗಳಿಂದ ಕೆಲವು ವಾರಗಳಾದರೂ ಮಾಹಿತಿ ಬಂದಿತು; ಅದನ್ನು ಎಲ್ಲರಿಗೂ ಮುಕ್ತವಾಗಿ ಹಂಚಿದರು. ಆದರೆ ಒಂದು ಮಾತನ್ನು ಮುಚ್ಚಿಡಬಾರದು. ಪ್ರೇಷಕ ಯಂತ್ರವನ್ನು ಕೀಳದೆ, ನಡುನಡುವೆ ಒಮ್ಮೊಮ್ಮೆ ಅದರ ಕ್ಷೇಮವನ್ನು ವಿಚಾರಿಸುತ್ತ ಬಂದಿದ್ದರೆ ಅನಿಲ ಸೋರುವ ಮೊದಲೇ ದಾರಿಯನ್ನು ತಿದ್ದಬಹುದಾಗಿತ್ತೇನೋ. ಕಳೆದ ಕಾಲಕ್ಕೆ ಕಾಣಿಕೆಯ ಹಣ ಬೆಲೆ ಕೊಡಲಾರದು.

ಈ ಮಾತು ಪಶ್ಚಿಮದ ಉದ್ಯಮದವರಿಗೂ ಹೊಳೆದಂತಿದೆ. ಇಂಟೆಲ್‌ಸ್ಯಾಟ್-೯೦೧ ಎಂಬ ಉಪಗ್ರಹ ೨೦೦೧ರಲ್ಲಿ ಹಾರಿದ್ದು. ಎಲ್ಲವೂ ಸರಿಯಿದ್ದು ಇಂಧನವೊಂದು ಮುಗಿಯುತ್ತ ಬಂದಿತ್ತು. ೨೦೨೦ರ ಫೆಬ್ರವರಿ ೨೫ರಂದು ಎಂ.ಇ.ವಿ.-೧ ಎಂಬ ನೌಕೆ ಹೋಗಿ ಅದರ ಎಂಜಿನ್ನಿನ ಬಾಯಿಯನ್ನು ಹಿಡಿದು ಅಂಟಿಕೊಂಡಿತು. ಹಿಡಿಯಲೆಂದು ಮಾಡಿರದ ಭಾಗವನ್ನೇ ಹಿಡಿಯಿತೆಂಬುದು ವಿಶೇಷ. ಐದು ವರ್ಷ ಎತ್ತಿನಂತೆ ಅದನ್ನು ಎಳೆದು ನಡೆಸಿ, ೨೦೨೫ರಲ್ಲಿ ದಾರಿಗೆ ಅಡ್ಡವಾಗದ ಎತ್ತರಕ್ಕೆ ಬಿಟ್ಟು, ಬೇರೊಂದು ಉಪಗ್ರಹದ ಸೇವೆಗೆ ಹೊರಟಿತು.

ನಮ್ಮ ದೇಶದಲ್ಲಿ ನಡೆದ ಕೆಲಸ ಇದಕ್ಕಿಂತ ಅಗ್ಗದ್ದು, ನಮ್ಮ ಮನೆಯ ಹೆಣ್ಣುಮಕ್ಕಳಿಗೆ ಕೂಡಲೇ ಅರ್ಥವಾಗುವಂಥದು. ಇಸ್ರೋದ ಪಿ.ಎಸ್.ಎಲ್.ವಿ. ರಾಕೆಟ್ಟಿಗೆ ನಾಲ್ಕು ಹಂತಗಳು. ಮೊದಲ ಮೂರು ಉರಿದು ಕೆಳಗೆ ಬೀಳುತ್ತವೆ. ನಾಲ್ಕನೆಯದು ಉಪಗ್ರಹವನ್ನು ಅದರ ಕಕ್ಷೆಗೆ ಸೇರಿಸಿ ತಾನೂ ಅಲ್ಲಿಯೇ ಸುತ್ತುತ್ತ ಉಳಿಯುತ್ತದೆ. ವರ್ಷಗಳ ಕಾಲ ಅದನ್ನು ಖಾಲಿ ಡಬ್ಬಿಯೆಂದೇ ಎಣಿಸಿದ್ದರು. ಡಬ್ಬಿಯಲ್ಲಿದ್ದ ಎಣ್ಣೆ ಮುಗಿದರೆ ಅದಕ್ಕೆ ಬೇಳೆ ತುಂಬಿಡುವುದನ್ನು ನಮ್ಮ ತಾಯಂದಿರು ಯಾರಿಂದ ಕಲಿತರು? ಆ ಹಂತದ ತೊಟ್ಟಿಯ ಸುತ್ತ ಸೂರ್ಯನ ಬೆಳಕಿನ ಹಲಗೆಗಳನ್ನು ಸುತ್ತಿ, ಬ್ಯಾಟರಿಯನ್ನೂ ದಿಕ್ಕು ಹಿಡಿಯುವ ಸಾಧನಗಳನ್ನೂ ಕೂಡಿಸಿದರೆ ಅದೇ ಒಂದು ಪ್ರಯೋಗಶಾಲೆ. ೨೦೧೯ರಲ್ಲಿ ಚಿಕ್ಕ ಪ್ರಮಾಣದಲ್ಲಿ ಪರೀಕ್ಷಿಸಿ, ೨೦೨೨ರ ಜೂನ್ ೩೦ರಿಂದ ಪೂರ್ಣರೂಪದಲ್ಲಿ ಆರಂಭಿಸಿದರು. ಅದಕ್ಕಿಟ್ಟ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿದರೆ ಪೋಯಮ್ ಎಂದಾಗುತ್ತದೆ. ಇಂಗ್ಲಿಷಿನಲ್ಲಿ ಕವಿತೆ ಎಂದು ಅರ್ಥ. ವಿಜ್ಞಾನಿಗಳಿಗೂ ರಸಿಕತೆ ಇಲ್ಲದಿಲ್ಲ.

೨೦೨೪ರ ಡಿಸೆಂಬರ್ ೩೦ರಂದು ಶ್ರೀಹರಿಕೋಟದಿಂದ ಹಾರಿದ ರಾಕೆಟ್ಟಿನ ನಾಲ್ಕನೆಯ ಹಂತ, ಎಂದರೆ ಪೋಯಮ್-೪, ಇಪ್ಪತ್ತನಾಲ್ಕು ಉಪಕರಣಗಳನ್ನು ಹೊತ್ತಿತ್ತು. ಅವುಗಳಲ್ಲಿ ಹತ್ತು ಇಸ್ರೋದ ಹೊರಗಿನವರವು. ಬೆಂಗಳೂರಿನ ಆರ್.ವಿ. ಎಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗಳು ಮನುಷ್ಯರ ಕರುಳಿನಲ್ಲಿ ವಾಸಿಸುವ ಬ್ಯಾಕ್ಟೀರಿಯವನ್ನು ಪರೀಕ್ಷಿಸುವ ಪೆಟ್ಟಿಗೆಯನ್ನು ಕಳುಹಿದ್ದರು. ಚಿಕ್ಕಬಳ್ಳಾಪುರದ ಎಸ್.ಜೆ.ಸಿ. ತಾಂತ್ರಿಕ ವಿದ್ಯಾಲಯದವರು ಹವ್ಯಾಸಿ ರೇಡಿಯೋ ಉಪಕರಣವನ್ನು ಕಳುಹಿದ್ದರು. ಅದು ಆದಿಚುಂಚನಗಿರಿ ಮಠದ ಆಶ್ರಯದಲ್ಲಿ ನಡೆಯುವ 'ಸಂಸ್ಥೆ. ಅನ್ನ, ಅಕ್ಷರಗಳ ಜೊತೆಗೆ ನಾಡಿನ ಮಠವೊಂದರ ಮಕ್ಕಳು ಆಕಾಶಕ್ಕೂ ಕೈ ಚಾಚಿದ್ದನ್ನು ಕಂಡು ಮಠದ ಅನ್ನ ಉಂಡು ಬೆಳೆದ ನಮಗೆ ಹಿಗ್ಗಾಯಿತು.

ಆದರೆ ಮನೆಯ ಮಾತಿಗೆ ಬಂದದ್ದು ಬೇರೊಂದು ಪೆಟ್ಟಿಗೆ. ತಿರುವನಂತಪುರದ ವಿಕ್ರಮ್ ಸಾರಾಭಾಯ್ ಕೇಂದ್ರದವರು ಮುಚ್ಚಿದ ಪುಟ್ಟ ಕರಂಡಿಕೆಯಲ್ಲಿ ಎಂಟು ಅಲಸಂದಿ ಬೀಜಗಳನ್ನು ಇಟ್ಟಿದ್ದರು. ಹದವಾದ ಉಷ್ಣ, ತೇವ, ಬೆಳಕು; ನೋಡಲು ಕ್ಯಾಮೆರಾ. ನಾಲ್ಕು ದಿನದಲ್ಲಿ ಅವು ಮೊಳೆತುವು, ಸ್ವಲ್ಪ ದಿನದಲ್ಲಿಯೇ ಎಲೆ ಬಿಟ್ಟುವು. ಕೆಳಗು-ಮೇಲು ಎಂಬುದೇ ಇಲ್ಲದ ಕಡೆ, ಉರಿದು ಮುಗಿದ ರಾಕೆಟ್ಟಿನ ಬೆನ್ನ ಮೇಲೆ ಒಂದು ಹಸಿರು ಎಲೆ. ನಮ್ಮ ಮನೆಯಲ್ಲಿ ಅದರ ಚಿತ್ರವನ್ನು ತೋರಿಸಿದಾಗ ಹಿರಿಯ ಸೊಸೆ, "ಮೊಳಕಿ ಬಂದಾವಲ್ರಿ, ಇನ್ನ ಉಸಳಿ ಮಾಡಬಹುದು" ಎಂದಳು.

ಚಂದ್ರಯಾನ-೩ರಲ್ಲಿಯೂ ಹೀಗೆಯೇ ಆಯಿತು. ಇಳಿಯುವ ನೌಕೆಯನ್ನು ಚಂದ್ರನ ಬಳಿಗೆ ಒಯ್ದ ವಾಹಕಭಾಗದ ಕೆಲಸ ೨೦೨೩ರ ಆಗಸ್ಟಿನಲ್ಲಿಯೇ ಮುಗಿದಿತ್ತು. ಅದರಲ್ಲಿ ನೂರು ಕಿಲೋಗ್ರಾಮಿಗೂ ಮಿಕ್ಕಿ ಇಂಧನ ಉಳಿದಿದ್ದರಿಂದ ಅದನ್ನು ಭೂಮಿಯ ಸುತ್ತಿನ ಕಕ್ಷೆಗೆ ಹಿಂದಕ್ಕೆ ಕರೆತಂದರು. ಮುಂದೆ ಚಂದ್ರನಿಂದ ಮಣ್ಣು ತರುವ ಯಾತ್ರೆಗೆ ಮರಳುವ ದಾರಿಯ ಅಭ್ಯಾಸ ಅದರಿಂದಲೇ ಆಯಿತು. ೨೦೩೦ರ ಹೊತ್ತಿಗೆ ಭಾರತದ ಯಾನಗಳೆಲ್ಲವೂ ಆಕಾಶದಲ್ಲಿ ಕಸವನ್ನು ಬಿಡದಂತಿರಬೇಕೆಂದು ಇಸ್ರೋ ಗುರಿಯನ್ನಿಟ್ಟುಕೊಂಡಿದೆ. ಬೆಂಗಳೂರಿನ ಕೇಂದ್ರವೊಂದರಲ್ಲಿ ಅಂಥ ಚೂರುಗಳ ಚಲನೆಯ ಲೆಕ್ಕವನ್ನು ಹಗಲಿರುಳು ಇಡುತ್ತಾರೆ.

ಆ ಬಾಲಿಕೆಗೆ ಇನ್ನೊಂದು ಸಂಗತಿಯನ್ನು ಹೇಳುವುದು ಉಳಿದಿದೆ. ಅಲಸಂದಿಯನ್ನು ಮೊಳೆಯಿಸಿದ ಆ ಹಂತವನ್ನು, ಅದು ಬಹುಕಾಲ ಮೇಲೆ ಅಲೆಯಬಾರದೆಂದು, ಮೊದಲೇ ಇಂಧನ ಉಳಿಸಿ ೩೫೦ ಕಿ.ಮೀ. ಎತ್ತರಕ್ಕೆ ಇಳಿಸಿಟ್ಟಿದ್ದರು, ತೊಟ್ಟಿಯಲ್ಲಿ ಉಳಿದದ್ದು ಸಿಡಿಯದಂತೆ ಹೊರಚೆಲ್ಲಿದ್ದರು. ಅದು ೨೦೨೫ರ ಏಪ್ರಿಲ್ ೪ರಂದು ವಾಯುಮಂಡಲವನ್ನು ಹೊಕ್ಕು ಹಿಂದೂ ಮಹಾಸಾಗರದಲ್ಲಿ ಬಿದ್ದಿತು. ಸ್ಕೈಲ್ಯಾಬಿನ ಚೂರುಗಳು ಬಿದ್ದದ್ದೂ ಅದೇ ಸಾಗರದಲ್ಲಿ. ಈ ಸಲ ನಮ್ಮ ಊರಿನಲ್ಲಿ ಯಾರೂ ಹೋಳಿಗೆ ಮಾಡಿಸಲಿಲ್ಲ, ಯಾರೂ ನಿದ್ದೆಗೆಡಲಿಲ್ಲ. ಹೊಲಕ್ಕೆ ಹೋಗುವವರು ಎಂದಿನಂತೆ ಬುತ್ತಿ ಕಟ್ಟಿಕೊಂಡು ಹೋದರು.